ಮದ್ದು ಬರಲಿ, ಆದರೆ ಕಲ್ನಾರಿನ ಮಾಡು ಮೊದಲು ಇಳಿಯಲಿ

ಮೆಸೊಥೆಲಿಯೋಮಾ ಎಂಬ ಕ್ಯಾನ್ಸರಿಗೆ ಚಿಕಿತ್ಸೆ ಹುಡುಕುವ ಹೊಸ ಹಾದಿಯೊಂದರ ಬಗ್ಗೆ ವಿಜ್ಞಾನಲೋಕ ಕೆಲವು ವರ್ಷಗಳಿಂದ ಭರವಸೆಯಿಂದ ಮಾತನಾಡುತ್ತಿದೆ. ರೋಗಗ್ರಸ್ತ ಜೀವಕೋಶದೊಳಗಿನ ವಂಶವಾಹಿಯೊಂದನ್ನು ಸುಮ್ಮನಾಗಿಸುವುದು, ಅದೇ ಹೊತ್ತಿಗೆ ಬಳಕೆಯಲ್ಲಿರುವ ಔಷಧಿಯನ್ನೂ ಕೊಡುವುದು, ಹೀಗೆ ಎರಡು ಕಡೆಯಿಂದ ರೋಗವನ್ನು ಕಟ್ಟಿಹಾಕುವುದು ಆ ಹಾದಿ. ಈ ಸಂಶೋಧನೆಯನ್ನು ಹೀಗಳೆಯುವುದು ಈ ಲೇಖನದ ಉದ್ದೇಶವಲ್ಲ. ಆದರೆ ಈ ರೋಗ ಬರುವುದು ಎಲ್ಲಿಂದ ಎಂಬುದು 1960ರಿಂದಲೇ ಜಗತ್ತಿಗೆ ಗೊತ್ತಿದೆ. ಕಾರಣ ಗೊತ್ತಿದ್ದೂ ಅದನ್ನು ನಮ್ಮ ಮನೆಗಳ ಮೇಲೆ ಹೊದಿಸುತ್ತಲೇ ಹೋಗಿ, ಒಂದಲ್ಲ ಒಂದು ದಿನ ಮದ್ದು ಸಿಗುತ್ತದೆ ಎಂದು ಸಮಾಧಾನ ಹೇಳುವ ವ್ಯವಸ್ಥೆಯನ್ನು ಗುಡ್ಡಗಾಡಿನ ಜನರಾದ ನಾವು ಪ್ರಶ್ನಿಸಲೇಬೇಕಾಗಿದೆ.

ಕಲ್ಲಿನ ನಾರು

ಆಸ್ಬೆಸ್ಟಾಸ್‌ಗೆ ಕನ್ನಡದಲ್ಲಿ ಕಲ್ನಾರು ಎಂಬ ಅಚ್ಚುಕಟ್ಟಾದ ಹೆಸರಿದೆ. ಅದು ಕಲ್ಲೂ ಹೌದು, ನಾರೂ ಹೌದು. ಬಡಿದರೆ ಹತ್ತಿಯಂತೆ ಬಿಡಿಬಿಡಿಯಾಗುತ್ತದೆ. ಬೆಂಕಿಗೆ ಸುಡುವುದಿಲ್ಲ, ನೀರಿಗೆ ಕೊಳೆಯುವುದಿಲ್ಲ. ಈ ನಾರನ್ನು ಸಿಮೆಂಟಿನೊಂದಿಗೆ ಕಲಸಿ ಅಲೆಅಲೆಯಾದ ಹಾಳೆಗಳನ್ನಾಗಿ ಒತ್ತಿದಾಗ ನಮ್ಮೂರುಗಳಲ್ಲಿ ‘ಸಿಮೆಂಟ್ ಶೀಟು’ ಎಂದು ಕರೆಯುವ ವಸ್ತು ಸಿದ್ಧವಾಗುತ್ತದೆ. ಹೆಸರಿನಲ್ಲಿ ಸಿಮೆಂಟು ಮಾತ್ರ ಉಳಿದು, ನಾರು ಮರೆಯಾಗಿದೆ.

ಈ ಶೀಟು ಮಲೆನಾಡಿಗೆ ಬಂದ ಬಗೆ ನಮಗೆಲ್ಲ ತಿಳಿದದ್ದೇ. ಸೋಗೆ ಹೊದಿಸಲು ಆಳಿಲ್ಲದಾಯಿತು. ಮಂಗಳೂರು ಹೆಂಚಿನ ಮೇಲೆ ಮಂಗಗಳ ಹಿಂಡು ಕುಣಿದು, ಮಳೆಗಾಲಕ್ಕೆ ಮುನ್ನ ಪ್ರತಿ ವರ್ಷ ಹೆಂಚು ಕೈಯಾಡಿಸುವುದೇ ದೊಡ್ಡ ಖರ್ಚಾಯಿತು. ಕೊಟ್ಟಿಗೆ, ಸೌದೆಮನೆ, ಅಡಿಕೆ ಬೇಯಿಸುವ ಚಪ್ಪರ, ಕೂಲಿಲೈನು, ಶಾಲೆ, ಅಂಗನವಾಡಿ, ಬಸ್ ತಂಗುದಾಣ, ಹೀಗೆ ಒಂದೊಂದಾಗಿ ಶೀಟಿನ ಅಡಿಗೆ ಬಂದವು. ಕೊಂಡವರಲ್ಲಿ ತಪ್ಪು ಹುಡುಕುವುದು ಅನ್ಯಾಯ. ಅಗ್ಗವಾದ, ಗಟ್ಟಿಯಾದ ಮಾಡು ಬೇಕಿತ್ತು. ಮಾರಾಟಗಾರ ಅದನ್ನು ತಂದುಕೊಟ್ಟ. ಒಳಗೇನಿದೆ ಎಂದು ಹೇಳಬೇಕಾದವರು ಹೇಳಲಿಲ್ಲ.

ಶೀಟನ್ನು ಕತ್ತರಿಸಿದಾಗ, ತೂತು ಕೊರೆದಾಗ, ಒಡೆದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಗಾಳಿಗೆ ಏರುತ್ತವೆ. ಉಸಿರಿನೊಡನೆ ಒಳಹೋದ ಎಳೆಗಳನ್ನು ದೇಹ ಕರಗಿಸಲಾರದು, ಹೊರದೂಡಲಾರದು. ಕೆಲವು ಎಳೆಗಳು ಶ್ವಾಸಕೋಶವನ್ನು ಸುತ್ತಿರುವ ತೆಳುಪೊರೆಯವರೆಗೂ ಸಾಗಿ ಅಲ್ಲಿ ನಾಟಿಕೊಳ್ಳುತ್ತವೆ. ದೇಹದ ರಕ್ಷಕ ಕೋಶಗಳು ಅವನ್ನು ನುಂಗಲು ಹೋಗಿ ತಾವೇ ಸಾಯುತ್ತವೆ. ಆ ಜಾಗದಲ್ಲಿ ಉರಿಯೂತ ವರ್ಷಾನುಗಟ್ಟಲೆ ಆರದೆ ಉಳಿಯುತ್ತದೆ. ಕೊನೆಗೊಂದು ದಿನ ಆ ಪೊರೆಯ ಕೋಶಗಳೇ ಹದ್ದು ಮೀರಿ ಬೆಳೆಯತೊಡಗುತ್ತವೆ. ಅದೇ ಮೆಸೊಥೆಲಿಯೋಮಾ. ಧೂಳು ಒಳಹೋದ ದಿನಕ್ಕೂ ರೋಗ ಕಾಣಿಸಿಕೊಳ್ಳುವ ದಿನಕ್ಕೂ ನಡುವೆ 20ರಿಂದ 50 ವರ್ಷಗಳ ಅಂತರವಿರುತ್ತದೆ. ಶ್ವಾಸಕೋಶದ ಇತರ ಕ್ಯಾನ್ಸರಿನಂತೆ ಇದಕ್ಕೆ ಬೀಡಿ ಸಿಗರೇಟು ಕಾರಣವಲ್ಲ.

1960ರಲ್ಲಿ ವಾಗ್ನರ್ ಮತ್ತು ಸಂಗಡಿಗರು ದಕ್ಷಿಣ ಆಫ್ರಿಕದ ಕಲ್ನಾರು ಗಣಿ ಪ್ರದೇಶದ 33 ರೋಗಿಗಳ ವಿವರವನ್ನು ಪ್ರಕಟಿಸಿದರು. ಆ ರೋಗಿಗಳಲ್ಲಿ ಗಣಿ ಕಾರ್ಮಿಕರಷ್ಟೇ ಅಲ್ಲದೆ ಗಣಿಯ ಸುತ್ತ ಬಾಳಿದ ಗೃಹಿಣಿಯರೂ, ಬಾಲ್ಯದಲ್ಲಿ ಗಣಿತ್ಯಾಜ್ಯದ ದಿಬ್ಬಗಳ ಬಳಿ ಆಡಿ ಬೆಳೆದವರೂ ಇದ್ದರು. ಕೆಲಸಕ್ಕೆ ಹೋಗದವರನ್ನೂ ಈ ಧೂಳು ಬಿಡುವುದಿಲ್ಲ ಎಂಬುದು ಅಂದೇ ಸ್ಪಷ್ಟವಾಯಿತು. ಕಲ್ನಾರಿನಿಂದ ಬರುವ ಎಲ್ಲ ರೋಗಗಳೂ ಸೇರಿ, ಕೆಲಸದ ಸ್ಥಳದಲ್ಲಿ ಅದಕ್ಕೆ ಒಡ್ಡಿಕೊಂಡವರಲ್ಲಿ ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಮಂದಿ ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ವಂಶವಾಹಿಯನ್ನು ಸುಮ್ಮನಾಗಿಸುವುದೆಂದರೆ

ಹೊಸ ಚಿಕಿತ್ಸೆಯ ತರ್ಕವನ್ನು ವಿದ್ಯಾರ್ಥಿಗಳು ಸರಿಯಾಗಿ ತಿಳಿಯಬೇಕು. ತಿಳಿಯದೆ ಹೊಗಳುವುದೂ ತೆಗಳುವುದೂ ಒಂದೇ.

ಜೀವಕೋಶದ ನಡುಮನೆಯಲ್ಲಿ ಡಿಎನ್‌ಎ ಇದೆ. ಯಾವ ಪ್ರೋಟೀನು ಬೇಕೋ ಅದರ ನಕಲು ಪ್ರತಿಯೊಂದು ಆರ್‌ಎನ್‌ಎ ರೂಪದಲ್ಲಿ ಹೊರಬಂದು, ಆ ಪ್ರತಿಯನ್ನು ಓದಿ ಪ್ರೋಟೀನು ತಯಾರಾಗುತ್ತದೆ. ಈ ನಕಲು ಪ್ರತಿಯನ್ನು ದಾರಿಯಲ್ಲಿಯೇ ಹರಿದುಹಾಕಿದರೆ ವಂಶವಾಹಿ ಇದ್ದೂ ಇಲ್ಲದಂತಾಗುತ್ತದೆ. 1990ರ ಸುಮಾರಿಗೆ ಪೆಟೂನಿಯಾ ಹೂವಿನ ನೇರಳೆ ಬಣ್ಣವನ್ನು ಗಾಢಗೊಳಿಸಲು ಬಣ್ಣದ ವಂಶವಾಹಿಯನ್ನು ಹೆಚ್ಚುವರಿಯಾಗಿ ಸೇರಿಸಿದ ವಿಜ್ಞಾನಿಗಳಿಗೆ ಬಿಳಿ ಹೂಗಳು ಸಿಕ್ಕಿದ್ದವು. ಹೊರಗಿನಿಂದ ಬಂದ ವಂಶವಾಹಿ ಗಿಡದ ಸ್ವಂತ ವಂಶವಾಹಿಯನ್ನೂ ಸೇರಿಸಿ ಬಾಯಿ ಮುಚ್ಚಿಸಿತ್ತು. ಇದರ ಗುಟ್ಟನ್ನು ಒಂದು ಸಣ್ಣ ದುಂಡುಹುಳುವಿನಲ್ಲಿ ಬಿಡಿಸಿ 1998ರಲ್ಲಿ ಪ್ರಕಟಿಸಿದ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲೋ ಅವರಿಗೆ 2006ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಎರಡೆಳೆಯ ಪುಟ್ಟ ಆರ್‌ಎನ್‌ಎ ತುಣುಕೊಂದು ಕೋಶದೊಳಕ್ಕೆ ಹೋದರೆ, ತನಗೆ ಹೊಂದುವ ನಕಲು ಪ್ರತಿಯನ್ನು ಹುಡುಕಿ ಕತ್ತರಿಸುವ ಯಂತ್ರಾಂಗ ಕೋಶದಲ್ಲಿ ಮೊದಲೇ ಇದೆ ಎಂಬುದು ಆ ಗುಟ್ಟು. ಮಲ್ಲೇಶ್ವರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದಂತೆ ಜಗತ್ತಿನ ಜೀವವಿಜ್ಞಾನ ಪ್ರಯೋಗಾಲಯಗಳಲ್ಲಿ ಇದು ಇಂದು ದಿನಬಳಕೆಯ ಉಪಕರಣ.

ಮೆಸೊಥೆಲಿಯೋಮಾಕ್ಕೆ ಇದರಿಂದ ಏನು ಪ್ರಯೋಜನ? ಈ ರೋಗಕ್ಕೆ 2004ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಪೆಮೆಟ್ರೆಕ್ಸೆಡ್ ಎಂಬ ಔಷಧಿಯನ್ನು ಸಿಸ್‌ಪ್ಲಾಟಿನ್ ಜೊತೆಗೆ ಕೊಡುತ್ತಾರೆ. ಕೋಶ ವಿಭಜಿಸಬೇಕಾದರೆ ಹೊಸ ಡಿಎನ್‌ಎ ಬೇಕು; ಅದಕ್ಕೆ ಬೇಕಾದ ಕಚ್ಚಾವಸ್ತುವನ್ನು ತಯಾರಿಸುವ ಕಿಣ್ವಗಳಲ್ಲಿ ಥೈಮಿಡಿಲೇಟ್ ಸಿಂಥೇಸ್ ಮುಖ್ಯವಾದದ್ದು. ಪೆಮೆಟ್ರೆಕ್ಸೆಡ್ ಆ ಕಿಣ್ವಕ್ಕೆ ಅಂಟಿಕೊಂಡು ಅದರ ಕೆಲಸ ನಿಲ್ಲಿಸುತ್ತದೆ. ಆದರೆ ಗೆಡ್ಡೆಯ ಕೋಶಗಳು ಅದೇ ಕಿಣ್ವವನ್ನು ಹೆಚ್ಚು ಹೆಚ್ಚಾಗಿ ತಯಾರಿಸಿ ಔಷಧಿಯನ್ನು ಮೀರುತ್ತವೆ. ಹಾಗಾದರೆ ಕಿಣ್ವದ ವಂಶವಾಹಿಯನ್ನೇ ಆರ್‌ಎನ್‌ಎ ತುಣುಕಿನಿಂದ ಸುಮ್ಮನಾಗಿಸಿ, ಜೊತೆಗೆ ಪೆಮೆಟ್ರೆಕ್ಸೆಡ್ ಕೊಟ್ಟರೆ? ಕಾಲುವೆಯ ನೀರನ್ನು ಗದ್ದೆಯ ಬಾಯಲ್ಲಿ ತಡೆಯುವವನೊಬ್ಬ, ಒಡ್ಡಿನ ಬಳಿಯೇ ತಡೆಯುವವನೊಬ್ಬ ಇದ್ದಂತೆ. ಜಪಾನಿನ ತೊಕುಷಿಮಾ ವಿಶ್ವವಿದ್ಯಾಲಯದ ಸಂಶೋಧಕರು ಇಲಿಗಳ ಮೇಲೆ ಈ ಜೋಡಿ ಚಿಕಿತ್ಸೆಯನ್ನು ಪರೀಕ್ಷಿಸಿ, ಎರಡೂ ಸೇರಿದಾಗ ಗೆಡ್ಡೆಯ ಬೆಳವಣಿಗೆ ಹೆಚ್ಚು ಕುಗ್ಗುವುದನ್ನು ಕಂಡರು. ಶ್ವಾಸಕೋಶದ ಪೊರೆಯ ನಡುವಿನ ಜಾಗಕ್ಕೆ ಸೂಜಿಯಿಂದ ನೇರವಾಗಿ ಮದ್ದು ಹಾಕಬಹುದಾದ್ದರಿಂದ ಈ ರೋಗದಲ್ಲಿ ಆರ್‌ಎನ್‌ಎಯನ್ನು ಗುರಿ ಮುಟ್ಟಿಸುವುದು ಕೊಂಚ ಸುಲಭವೆಂಬ ನಿರೀಕ್ಷೆಯೂ ಇದೆ.

ಭರವಸೆಯ ಅಳತೆ

ತರ್ಕ ಚೆನ್ನಾಗಿದೆ. ಈಗ ಅಳತೆಗೆ ಬರೋಣ. ಪೆಮೆಟ್ರೆಕ್ಸೆಡ್ ಜೋಡಿಯನ್ನು ಒರೆಗೆ ಹಚ್ಚಿದ ದೊಡ್ಡ ಪರೀಕ್ಷೆಯ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಸಿಸ್‌ಪ್ಲಾಟಿನ್ ಮಾತ್ರ ಪಡೆದ ರೋಗಿಗಳ ಮಧ್ಯಕ ಆಯುಷ್ಯ 9.3 ತಿಂಗಳು, ಎರಡೂ ಔಷಧಿ ಪಡೆದವರದು 12.1 ತಿಂಗಳು. 2020ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತ ನಿವೊಲುಮಾಬ್ ಮತ್ತು ಇಪಿಲಿಮುಮಾಬ್ ಎಂಬ ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ಜೋಡಿ ಅದನ್ನು 14.1ರಿಂದ 18.1 ತಿಂಗಳಿಗೆ ಏರಿಸಿತು. ನರಳುವ ಮನುಷ್ಯನಿಗೆ ನಾಲ್ಕು ತಿಂಗಳು ಸಣ್ಣದಲ್ಲ. ಆ ನಾಲ್ಕು ತಿಂಗಳಿಗಾಗಿ ದುಡಿದ ವಿಜ್ಞಾನಿಗಳಿಗೆ ನಮ್ಮ ಗೌರವ ಸಲ್ಲಲಿ. ಆದರೆ ಇದು ಗುಣವಾಗುವ ಮಾತಲ್ಲ.

ವಂಶವಾಹಿ ನಿಯಂತ್ರಣದ ವಿಧಾನ ಮನುಷ್ಯರ ಮೇಲೆ ಪ್ರಯೋಗವಾದದ್ದು ಆಸ್ಟ್ರೇಲಿಯದಲ್ಲಿ. ಅಲ್ಲಿನ ಸಂಶೋಧಕರು ಮೆಸೊಥೆಲಿಯೋಮಾ ಕೋಶಗಳಲ್ಲಿ ಕುಂದಿಹೋಗಿರುವ ಮೈಕ್ರೊ ಆರ್‌ಎನ್‌ಎ-16 ಎಂಬ ತುಣುಕನ್ನು, ಬ್ಯಾಕ್ಟೀರಿಯದಿಂದ ಮಾಡಿದ ನಿರ್ಜೀವ ಕಿರುಪೊಟ್ಟಣಗಳಲ್ಲಿ ತುಂಬಿ ರೋಗಿಗಳ ರಕ್ತನಾಳಕ್ಕೆ ಕೊಟ್ಟರು. ಆರೋಗ್ಯವಂತ ಕೋಶದಲ್ಲಿ ಈ ತುಣುಕು ಬೆಳವಣಿಗೆಯನ್ನು ಪ್ರಚೋದಿಸುವ ಹಲವು ವಂಶವಾಹಿಗಳನ್ನು ಹತೋಟಿಯಲ್ಲಿಡುತ್ತದೆ. 2017ರಲ್ಲಿ ಪ್ರಕಟವಾದ ಮೊದಲ ಹಂತದ ಫಲಿತಾಂಶದ ಪ್ರಕಾರ, ಪರಿಣಾಮವನ್ನು ಅಳೆಯಲು ಸಾಧ್ಯವಾದ 22 ರೋಗಿಗಳಲ್ಲಿ ಒಬ್ಬರ ಗೆಡ್ಡೆ ಗಣನೀಯವಾಗಿ ಕುಗ್ಗಿತು, 15 ಮಂದಿಯಲ್ಲಿ ರೋಗ ಸ್ವಲ್ಪ ಕಾಲ ನಿಂತಲ್ಲೇ ನಿಂತಿತು, 6 ಮಂದಿಯಲ್ಲಿ ಮುಂದುವರಿಯಿತು. ಇದು ಸುರಕ್ಷತೆ ನೋಡಲು ಮಾಡಿದ ಸಣ್ಣ ಪರೀಕ್ಷೆ. ಇದರಿಂದ ಗೆಲುವನ್ನೂ ಸೋಲನ್ನೂ ಘೋಷಿಸುವಂತಿಲ್ಲ.

ಇನ್ನೊಂದು ತೊಡಕು ಈ ರೋಗದ ಸ್ವಭಾವದಲ್ಲಿಯೇ ಇದೆ. ಕೆಲವು ಕ್ಯಾನ್ಸರ್‌ಗಳಲ್ಲಿ ಒಂದು ವಂಶವಾಹಿ ಮಿತಿಮೀರಿ ಕೆಲಸ ಮಾಡುತ್ತದೆ. ಅಲ್ಲಿ ಅದನ್ನು ಸುಮ್ಮನಾಗಿಸುವುದು ನೇರ ಉಪಾಯ. ಮೆಸೊಥೆಲಿಯೋಮಾದಲ್ಲಿ ಹೆಚ್ಚಾಗಿ ಕಾಣುವುದು ಕಾವಲು ಕಾಯುವ ವಂಶವಾಹಿಗಳ ನಾಶ. ಬಿಎಪಿ1, ಎನ್‌ಎಫ್2, ಸಿಡಿಕೆಎನ್2ಎ ಎಂಬ ಕಾವಲುಗಾರರು ಸತ್ತಿರುತ್ತಾರೆ. ಸತ್ತವರ ಬಾಯಿ ಮುಚ್ಚಿಸಿ ಪ್ರಯೋಜನವೇನು? ಆದ್ದರಿಂದ ವಿಜ್ಞಾನಿಗಳು ಸುತ್ತುಬಳಸಿನ ದಾರಿ ಹುಡುಕಬೇಕಾಗಿದೆ. ಅದಕ್ಕೆ ಕಾಲ ಹಿಡಿಯುತ್ತದೆ.

ಬೆಲೆಯ ಪ್ರಶ್ನೆಯೂ ಇದೆ. ಈ ತಂತ್ರದಿಂದ ಹುಟ್ಟಿ ಮಾರುಕಟ್ಟೆಗೆ ಬಂದ ಮೊದಲ ಔಷಧಿ ಪ್ಯಾಟಿಸಿರಾನ್. ಅದು ಬೇರೊಂದು ಅಪರೂಪದ ನರರೋಗಕ್ಕೆ. 2018ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದಾಗ ಒಬ್ಬ ರೋಗಿಗೆ ಒಂದು ವರ್ಷಕ್ಕೆ ಅದರ ಪಟ್ಟಿಬೆಲೆ ಸುಮಾರು 4.5 ಲಕ್ಷ ಡಾಲರ್, ಆಗಿನ ಲೆಕ್ಕದಲ್ಲಿ 3 ಕೋಟಿ ರೂಪಾಯಿಗೂ ಮೇಲೆ. ಶೀಟಿನ ಮಾಡಿನ ಅಡಿಯಲ್ಲಿ ಬದುಕುವವನ ಮೂರು ತಲೆಮಾರಿನ ದುಡಿಮೆ ಸೇರಿಸಿದರೂ ಈ ಮೊತ್ತ ಆಗದು. ಅಗ್ಗದ ಮಾಡಿಗೆ ಕೋಟಿಯ ಮದ್ದು ಎಂಬುದು ಯಾವ ಲೆಕ್ಕಾಚಾರ?

ಪ್ಲೇಗು ಕಲಿಸಿದ ಪಾಠ

ರೋಗಕ್ಕೆ ಮದ್ದಿಲ್ಲದಾಗ ಸಮಾಜ ಏನು ಮಾಡಬಹುದು ಎಂಬುದಕ್ಕೆ ಬೆಂಗಳೂರೇ ಸಾಕ್ಷಿ. 1898ರ ಆಗಸ್ಟ್‌ನಲ್ಲಿ ಆ ಊರಿಗೆ ಪ್ಲೇಗು ಕಾಲಿಟ್ಟಿತು. ಆಗ ಅದನ್ನು ವಾಸಿಮಾಡುವ ಔಷಧಿ ಇರಲಿಲ್ಲ. ಸ್ಟ್ರೆಪ್ಟೊಮೈಸಿನ್‌ನಂಥ ಮದ್ದು ಬರಲು ಇನ್ನೂ ನಾಲ್ಕು ದಶಕ ಕಾಯಬೇಕಿತ್ತು. ಮೈಸೂರು ಸಂಸ್ಥಾನದ ಆಡಳಿತ ಅಷ್ಟು ಕಾಲ ಕೈಕಟ್ಟಿ ಕೂರಲಿಲ್ಲ. ಗಾಳಿ ಬೆಳಕಿಲ್ಲದ ಹಳೆಯ ಪೇಟೆಯ ಇಕ್ಕಟ್ಟಿನಲ್ಲಿಯೇ ರೋಗ ಹಬ್ಬುತ್ತದೆಂದು ಗುರುತಿಸಿ, ಊರನ್ನೇ ಹಿಗ್ಗಿಸಿತು. ಚಾಮರಾಜಪೇಟೆ ಅದಾಗಲೇ 1892ರಲ್ಲಿ ರೂಪುಗೊಂಡಿತ್ತು. ಪ್ಲೇಗಿನ ಒತ್ತಡದಲ್ಲಿ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಬೆಳೆದವು. ನೇರವಾದ ಅಗಲ ರಸ್ತೆಗಳು, ಮನೆಗಳ ಹಿಂದೆ ಕಸ ಸಾಗಿಸುವ ಓಣಿಗಳು, ಸುತ್ತ ಖಾಲಿ ಜಾಗ, ಇವೆಲ್ಲ ಅಂದಿನ ವೈದ್ಯಕೀಯವೇ ಆಗಿದ್ದವು. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆಯೂ ತೆರೆಯಿತು. ಆದರೆ ಆಸ್ಪತ್ರೆ ಕಟ್ಟುತ್ತಿದ್ದೇವೆಂದು ಬಡಾವಣೆಯ ಕೆಲಸ ನಿಲ್ಲಲಿಲ್ಲ.

ಆ ಬಡಾವಣೆಗಳನ್ನು ವೈಭವೀಕರಿಸಬೇಕಿಲ್ಲ. ಜಾತಿಯ ಲೆಕ್ಕದಲ್ಲಿ ಬೀದಿಗಳು ಹಂಚಿಹೋದವು. ಶುದ್ಧ ಗಾಳಿಯ ಭಾಗ್ಯ ಮೊದಲು ಉಳ್ಳವರಿಗೆ ದೊರೆತು, ಪೇಟೆಯ ಕೂಲಿಕಾರರು ಇಕ್ಕಟ್ಟಿನಲ್ಲಿಯೇ ಉಳಿದರು. ಆದರೂ ಒಂದು ತತ್ವ ಅಲ್ಲಿ ಸ್ಪಷ್ಟವಿತ್ತು: ಮನೆಯಿಂದ ಬರುವ ರೋಗಕ್ಕೆ ಮೊದಲು ಮನೆಯನ್ನು ಸರಿಪಡಿಸಬೇಕು. ನೂರಿಪ್ಪತ್ತೈದು ವರ್ಷಗಳ ಹಿಂದಿನ ಆಡಳಿತಕ್ಕೆ ತಿಳಿದಿದ್ದ ಈ ತತ್ವ ಇಂದಿನ ಪ್ರಜಾಪ್ರಭುತ್ವಕ್ಕೆ ಏಕೆ ಮರೆತುಹೋಗಿದೆ?

ಇಂದು ಅದೇ ಬಡಾವಣೆಗಳಲ್ಲಿ ಹಳೆಯ ಮನೆಗಳು ಒಂದೊಂದಾಗಿ ನೆಲಕ್ಕುರುಳಿ ಬಹುಮಹಡಿ ಕಟ್ಟಡಗಳು ಏಳುತ್ತಿವೆ. ಮುಂಭಾಗದ ಹೆಂಚನ್ನೂ ತೇಗದ ಬಾಗಿಲನ್ನೂ ಜೋಪಾನವಾಗಿ ಇಳಿಸಿ ಮಾರುತ್ತಾರೆ. ಹಿತ್ತಿಲ ಷೆಡ್ಡಿನ, ಮಹಡಿಯ ಮೇಲಿನ ಕೋಣೆಯ ಕಲ್ನಾರು ಶೀಟುಗಳಿಗೆ ಮರುಬೆಲೆ ಇಲ್ಲ. ಸುತ್ತಿಗೆಯಲ್ಲಿ ಪುಡಿಮಾಡಿ ಮಣ್ಣಿನೊಡನೆ ಲಾರಿಗೆ ತುಂಬುತ್ತಾರೆ. ಚಾಮರಾಜಪೇಟೆಗೆ ಹೊಂದಿಕೊಂಡ ಜೆ.ಸಿ. ರಸ್ತೆ, ಕಲಾಸಿಪಾಳ್ಯದ ವಾಹನ ರಿಪೇರಿ ಅಂಗಡಿಗಳಲ್ಲಿ ಹಳೆಯ ಬ್ರೇಕ್ ಲೈನಿಂಗ್ ಉಜ್ಜುವ ಹುಡುಗರ ಮೂಗಿಗೆ ಕಟ್ಟಲು ಹೆಚ್ಚೆಂದರೆ ಒಂದು ಕರವಸ್ತ್ರ. ಈ ಕೂಲಿಗಳಲ್ಲಿ, ಈ ಹುಡುಗರಲ್ಲಿ ನಮ್ಮ ಊರುಗಳಿಂದ ಕೆಲಸ ಹುಡುಕಿಕೊಂಡು ಹೋದವರಿದ್ದಾರೆ. ಇಂದು 20 ವರ್ಷದವನು ಕುಡಿಯುವ ಧೂಳಿನ ಲೆಕ್ಕ ಅವನಿಗೆ 50 ಆದಾಗ ಚುಕ್ತಾ ಆಗುತ್ತದೆ. ಅಷ್ಟರಲ್ಲಿ ಮೇಸ್ತ್ರಿ ಇರುವುದಿಲ್ಲ, ಹಾಜರಿ ಪುಸ್ತಕ ಇರುವುದಿಲ್ಲ, ಪರಿಹಾರ ಕೇಳಲು ವಿಳಾಸವೂ ಇರುವುದಿಲ್ಲ.

ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಹುಟ್ಟುಹಾಕಿದ ಬೆಂಗಳೂರು ಸೈನ್ಸ್ ಫೋರಮ್, ವಿಜ್ಞಾನವನ್ನು ಸಾಮಾನ್ಯರ ಮುಂದೆ ತಂದು ನಿಲ್ಲಿಸಿತು. ಪ್ರಶ್ನಿಸದೆ ಒಪ್ಪಬೇಡಿ ಎಂಬುದು ಅವರು ವಿದ್ಯಾರ್ಥಿಗಳಿಗೆ ಕೊಟ್ಟ ದೀಕ್ಷೆ. ಆ ದೀಕ್ಷೆಯನ್ನು ನಾವು ಈ ವಿಷಯಕ್ಕೂ ಅನ್ವಯಿಸೋಣ: ವಂಶವಾಹಿಯನ್ನು ಸುಮ್ಮನಾಗಿಸುವ ವಿದ್ಯೆಯ ಬಗ್ಗೆ ಬೆಂಗಳೂರಿನಲ್ಲಿ ಉಪನ್ಯಾಸ ನಡೆಯಲಿ, ಆದರೆ ಅದೇ ಬೀದಿಯಲ್ಲಿ ಪುಡಿಯಾಗುತ್ತಿರುವ ಶೀಟಿನ ಬಗ್ಗೆ ಎಲ್ಲರೂ ಸುಮ್ಮನಿರುವುದೇಕೆ ಎಂದೂ ಯಾರಾದರೂ ಎದ್ದು ಕೇಳಲಿ.

ಅವರ ಮೂರು ವಾದಗಳು

ಉದ್ಯಮದ ಮೊದಲ ವಾದ: ನಾವು ಬಳಸುವುದು ಬಿಳಿ ಕಲ್ನಾರು, ಅಂದರೆ ಕ್ರಿಸೋಟೈಲ್; ಅದು ಅಪಾಯಕಾರಿಯಲ್ಲ, ಸಿಮೆಂಟಿನಲ್ಲಿ ಬಂಧಿತವಾಗಿರುತ್ತದೆ. ನೀಲಿ ಮತ್ತು ಕಂದು ಬಗೆಗಳಿಂದ ಮೆಸೊಥೆಲಿಯೋಮಾದ ಅಪಾಯ ಇನ್ನೂ ಹೆಚ್ಚು ಎಂಬುದು ನಿಜ. ಆದರೆ ಬಿಳಿಯದೂ ಸೇರಿದಂತೆ ಎಲ್ಲ ಬಗೆಯ ಕಲ್ನಾರೂ ಮನುಷ್ಯನಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ನಿಸ್ಸಂದಿಗ್ಧವಾಗಿ ಹೇಳಿದೆ. ಬಂಧಿತವಾಗಿದೆ ಎಂಬ ಮಾತು ಕಾರ್ಖಾನೆಯ ಅಂಗಳದಲ್ಲಿ ಜೋಡಿಸಿಟ್ಟ ಹೊಸ ಶೀಟಿಗೆ ಸಲ್ಲಬಹುದು. ಮಲೆನಾಡಿನ ಮಳೆಯಲ್ಲಿ ಹತ್ತಾರು ವರ್ಷ ನೆನೆದು, ಪಾಚಿ ಹಿಡಿದು, ಮೇಲ್ಮೈಯ ಸಿಮೆಂಟು ಸವೆದು ನಾರು ಹೊರಬಿದ್ದ ಶೀಟಿಗೆ ಸಲ್ಲದು. ಬೇಸಿಗೆಯಲ್ಲಿ ಮಾಡು ಹತ್ತಿ ಒಣಪಾಚಿಯನ್ನು ಕಡ್ಡಿಪೊರಕೆಯಿಂದ ಗೀಚುವವರು ಏನನ್ನು ಉಸಿರಾಡುತ್ತಿದ್ದಾರೆ ಎಂದು ಈ ತಜ್ಞರು ಬಂದು ನೋಡಲಿ.

ಎರಡನೆಯ ವಾದ: ಇದು ಬಡವರ ಮಾಡು, ನಿಷೇಧಿಸಿದರೆ ಬಡವರೇ ಬೀದಿಗೆ ಬೀಳುತ್ತಾರೆ. ಬಡವರ ಮೇಲೆ ಇಷ್ಟು ಕಾಳಜಿ ಇರುವವರು ಅವರಿಗೆ ವಿಷವಿಲ್ಲದ ಮಾಡನ್ನು ಅದೇ ಬೆಲೆಗೆ ಕೊಡುವ ಮಾತನ್ನು ಏಕೆ ಆಡುವುದಿಲ್ಲ? ಹೆಂಚಿದೆ, ತಗಡಿದೆ, ಕಲ್ನಾರಿನ ಬದಲು ಸಸ್ಯನಾರು ಮತ್ತು ಕೃತಕ ನಾರು ಬೆರೆಸಿದ ಸಿಮೆಂಟ್ ಶೀಟುಗಳಿವೆ. ಅರುವತ್ತಕ್ಕೂ ಹೆಚ್ಚು ದೇಶಗಳು ಕಲ್ನಾರನ್ನು ನಿಷೇಧಿಸಿವೆ. ಅಲ್ಲಿನ ಬಡವರು ಬಯಲಿನಲ್ಲಿ ಮಲಗಿಲ್ಲ.

ಮೂರನೆಯ ವಾದ ಅತ್ಯಂತ ಕುಟಿಲವಾದದ್ದು: ಭಾರತದಲ್ಲಿ ಮೆಸೊಥೆಲಿಯೋಮಾ ರೋಗಿಗಳೇ ಅಪರೂಪ. ಎಣಿಸದಿದ್ದರೆ ಯಾವುದೂ ಅಪರೂಪವೇ. ಎದೆಯಲ್ಲಿ ನೀರು ತುಂಬಿಕೊಂಡ ರೋಗಿ ತಾಲ್ಲೂಕು ಆಸ್ಪತ್ರೆಗೆ ಬಂದರೆ ಮೊದಲು ನೆನಪಾಗುವುದು ಕ್ಷಯ. ಮೆಸೊಥೆಲಿಯೋಮಾ ಎಂದು ಖಚಿತಪಡಿಸಲು ಪೊರೆಯ ತುಣುಕು ತೆಗೆದು ವಿಶೇಷ ಬಣ್ಣಗಾರಿಕೆಯ ಪರೀಕ್ಷೆಗಳನ್ನು ಮಾಡಬೇಕು. ಅದಕ್ಕೆ ಸೌಕರ್ಯವಿರುವುದು ದೊಡ್ಡ ನಗರಗಳಲ್ಲಿ. ಮೂವತ್ತು ವರ್ಷದ ಹಿಂದೆ ಯಾವ ಕೆಲಸ ಮಾಡುತ್ತಿದ್ದೆ ಎಂದು ಕೇಳುವ ವ್ಯವಧಾನ ಹೊರರೋಗಿ ವಿಭಾಗದ ಸಾಲಿನಲ್ಲಿ ಯಾರಿಗಿದೆ? ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದಲೂ ನಗರದ ಕ್ಯಾನ್ಸರ್ ದಾಖಲಾತಿಯನ್ನು ನಡೆಸುತ್ತ ಬಂದಿದೆ. ಇಂಥ ಅಪರೂಪದ ಪರಂಪರೆಯಿರುವ ರಾಜ್ಯದಲ್ಲಿ ರೋಗಿಯ ಹಳೆಯ ಕಸುಬನ್ನೂ ಮಾಡಿನ ಬಗೆಯನ್ನೂ ಕಡ್ಡಾಯವಾಗಿ ಬರೆದುಕೊಳ್ಳುವುದು ದೊಡ್ಡ ಕೆಲಸವಲ್ಲ.

ಪ್ರಭುತ್ವದ ಇಬ್ಬಗೆ

ನಮ್ಮ ಪ್ರಭುತ್ವಕ್ಕೆ ಅಪಾಯ ಗೊತ್ತಿಲ್ಲವೆಂದಲ್ಲ. 1986ರಲ್ಲಿ ಕೇಂದ್ರ ಸರ್ಕಾರ ಕಲ್ನಾರು ಗಣಿಗೆ ಹೊಸ ಗುತ್ತಿಗೆ ಕೊಡುವುದನ್ನು ನಿಲ್ಲಿಸಿತು. 1993ರಲ್ಲಿ ಹಳೆಯ ಗುತ್ತಿಗೆಗಳ ನವೀಕರಣವನ್ನೂ ನಿಲ್ಲಿಸಿತು. ಕಲ್ನಾರಿನ ತ್ಯಾಜ್ಯವನ್ನು ಹೊರದೇಶಗಳಿಂದ ತರುವುದು ನಿಷಿದ್ಧ. ಆದರೆ ಹೊಸ ಕಲ್ನಾರನ್ನು ಹಡಗಿನಲ್ಲಿ ತರಿಸಲು ಅಡ್ಡಿಯಿಲ್ಲ! ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಕಲ್ನಾರನ್ನು ಆಮದು ಮಾಡಿಕೊಳ್ಳುವ ದೇಶ ನಮ್ಮದು. ಕೆನಡ ತನ್ನ ಕಟ್ಟಡಗಳಿಂದ ಕಲ್ನಾರನ್ನು ಕಿತ್ತು ತೆಗೆಯುತ್ತಿದ್ದ ಕಾಲದಲ್ಲಿಯೇ ನಮಗೆ ಅದನ್ನು ಮಾರುತ್ತಿತ್ತು. ಬ್ರೆಜಿಲ್‌ನ ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಅದನ್ನು ನಿಷೇಧಿಸಿದ ಬಳಿಕವೂ ಅಲ್ಲಿಂದ ರಫ್ತು ಮುಂದುವರಿಯಿತು. ಅವರ ಶ್ವಾಸಕೋಶಕ್ಕೆ ಒಂದು ನ್ಯಾಯ, ನಮ್ಮದಕ್ಕೆ ಇನ್ನೊಂದು.

ಸರ್ವೋಚ್ಚ ನ್ಯಾಯಾಲಯ 1995ರ ಜನವರಿ 27ರ ತೀರ್ಪಿನಲ್ಲಿ ಕಾರ್ಮಿಕನ ಆರೋಗ್ಯ ಅವನ ಬದುಕುವ ಹಕ್ಕಿನ ಭಾಗವೆಂದು ಸಾರಿ, ಕಲ್ನಾರು ಕಾರ್ಮಿಕರ ಆರೋಗ್ಯ ದಾಖಲೆಗಳನ್ನು 40 ವರ್ಷ ಕಾಪಿಡಬೇಕೆಂದು ಆದೇಶಿಸಿತು. ಕಾರ್ಖಾನೆಯ ಹಾಜರಿಯಲ್ಲಿರುವವನಿಗೆ ಅದು ರಕ್ಷೆ. ಬಸವನಗುಡಿಯಲ್ಲಿ ಮನೆ ಕೆಡವುವ ದಿನಗೂಲಿಗೆ, ತೀರ್ಥಹಳ್ಳಿಯಲ್ಲಿ ಕೊಟ್ಟಿಗೆಗೆ ಶೀಟು ಹೊದಿಸುವ ಬಡಗಿಗೆ ಯಾವ ದಾಖಲೆ? ಅಪಾಯಕಾರಿ ವಸ್ತುಗಳ ವ್ಯಾಪಾರಕ್ಕೆ ಸಂಬಂಧಿಸಿದ ರಾಟರ್‌ಡ್ಯಾಮ್ ಒಪ್ಪಂದದ ಪಟ್ಟಿಗೆ ಕ್ರಿಸೋಟೈಲನ್ನು ಸೇರಿಸಲು 2011ರಲ್ಲಿ ಒಪ್ಪಿದ್ದ ಭಾರತ 2013ರಲ್ಲಿ ವಿರೋಧಿಸಿತು. ಆ ಪಟ್ಟಿ ನಿಷೇಧವನ್ನೂ ಕೇಳುವುದಿಲ್ಲ. ಕೊಳ್ಳುವ ದೇಶಕ್ಕೆ ಮುನ್ನೆಚ್ಚರಿಕೆ ಕೊಡಿ ಎಂದಷ್ಟೇ ಕೇಳುತ್ತದೆ. ನನಗೆ ಎಚ್ಚರಿಕೆ ಕೊಡಬೇಡಿ ಎಂದು ಕೊಳ್ಳುವವನೇ ಹೇಳಿದ ಉದಾಹರಣೆ ಇದು.

ಗುಡ್ಡದ ಜನರು ಮರೆಯಬಾರದ ಇನ್ನೊಂದು ಸಂಗತಿಯಿದೆ. ಭಾರತೀಯ ಗಣಿ ಇಲಾಖೆಯ ಲೆಕ್ಕದಲ್ಲಿ ರಾಜಸ್ಥಾನವನ್ನು ಬಿಟ್ಟರೆ ಅತಿ ಹೆಚ್ಚು ಕಲ್ನಾರು ನಿಕ್ಷೇಪವಿರುವುದು ಕರ್ನಾಟಕದಲ್ಲಿ. ಹಾಸನ, ಚಿಕ್ಕಮಗಳೂರು, ಶಿವಮೊಗ್ಗ ಜಿಲ್ಲೆಗಳ ಹೆಸರು ಆ ಪಟ್ಟಿಯಲ್ಲಿವೆ. ಜಾರ್ಖಂಡದ ಚಾಯಿಬಾಸಾ ಬಳಿಯ ರೋರೋ ಗುಡ್ಡದ ಕಲ್ನಾರು ಗಣಿ 1983ರಲ್ಲಿ ಮುಚ್ಚಿತು. ಕಂಪನಿ ಹೊರಟುಹೋಯಿತು, ತ್ಯಾಜ್ಯದ ದಿಬ್ಬ ಆದಿವಾಸಿಗಳ ಹೊಲದ ನೆತ್ತಿಯ ಮೇಲೆ ಉಳಿಯಿತು. ಕುದುರೆಮುಖದ ಗಣಿಯನ್ನು 2005ರ ಕೊನೆಗೆ ನಿಲ್ಲಿಸಲು ಎಷ್ಟು ವರ್ಷದ ಹೋರಾಟ ಬೇಕಾಯಿತೆಂಬುದು ನಮ್ಮ ಸ್ಮೃತಿಯಲ್ಲಿದೆ. ದೇಶದಲ್ಲಿ ಕಲ್ನಾರಿಗೆ ಬೇಡಿಕೆ ಇರುವವರೆಗೂ ನಮ್ಮ ಗುಡ್ಡಗಳ ಮೇಲೆ ಒಂದು ಕಣ್ಣು ಇದ್ದೇ ಇರುತ್ತದೆ.

ನಮ್ಮ ಬೇಡಿಕೆಗಳು

1. ಕಲ್ನಾರಿನ ಆಮದಿಗೂ ಹೊಸ ಶೀಟುಗಳ ತಯಾರಿಕೆಗೂ ಕೇಂದ್ರ ಸರ್ಕಾರ ಕೊನೆಯ ದಿನಾಂಕ ಗೊತ್ತುಮಾಡಬೇಕು. ಅಲ್ಲಿಯವರೆಗೆ ಪ್ರತಿ ಶೀಟಿನ ಮೇಲೆ ‘ಕಲ್ನಾರು ಇದೆ, ಧೂಳು ಕ್ಯಾನ್ಸರ್‌ಕಾರಕ’ ಎಂದು ಕನ್ನಡದಲ್ಲಿ ಅಚ್ಚಾಗಬೇಕು.

2. ಕೇರಳದ ಮಾನವ ಹಕ್ಕುಗಳ ಆಯೋಗ 2009ರಲ್ಲಿಯೇ ಶಾಲೆಗಳ ಕಲ್ನಾರು ಮಾಡುಗಳನ್ನು ತೆಗೆಯಲು ಆದೇಶಿಸಿತು. ಕರ್ನಾಟಕದಲ್ಲಿಯೂ ಶಾಲೆ, ಅಂಗನವಾಡಿ, ಆಸ್ಪತ್ರೆಗಳ ಮಾಡುಗಳ ಗಣತಿ ನಡೆದು, ಸರ್ಕಾರದ ಖರ್ಚಿನಲ್ಲಿ ಬದಲಾಗಬೇಕು.

3. ಬೆಂಗಳೂರಿನ ನಗರ ಪಾಲಿಕೆಗಳು ಹಳೆಯ ಮನೆ ಕೆಡವಲು ಅನುಮತಿ ಕೊಡುವ ಮುನ್ನ ಕಲ್ನಾರಿನ ತಪಾಸಣೆ ಕಡ್ಡಾಯವಾಗಬೇಕು. ಇಳಿಸುವ ಕೆಲಸಗಾರರಿಗೆ ತಕ್ಕ ಮುಖಗವಸು ಮತ್ತು ತರಬೇತಿ ಕೊಟ್ಟು, ಹೆಸರು ದಾಖಲಿಸಬೇಕು.

4. ಮೆಸೊಥೆಲಿಯೋಮಾ ಕಂಡುಬಂದ ಪ್ರತಿ ರೋಗಿಯ ಕಸುಬಿನ ಚರಿತ್ರೆ ದಾಖಲಾಗಬೇಕು. ಚಿಕಿತ್ಸೆಯ ವೆಚ್ಚ ಕಲ್ನಾರು ಉದ್ಯಮದ ಮೇಲೆ ಹಾಕಿದ ಸೆಸ್ಸಿನಿಂದ ಬರಬೇಕು. ವಂಶವಾಹಿ ಚಿಕಿತ್ಸೆಯ ಸಂಶೋಧನೆಗೂ ಅದೇ ನಿಧಿಯಿಂದ ಪಾಲು ಸಲ್ಲಲಿ.

ಸರ್ಕಾರ ಎಚ್ಚರಗೊಳ್ಳುವವರೆಗೆ ನಾವೇ ಮಾಡಬಹುದಾದದ್ದೂ ಇದೆ. ಗಟ್ಟಿಯಾಗಿರುವ ಶೀಟನ್ನು ಹೆದರಿ ಅವಸರದಲ್ಲಿ ಕೀಳಬೇಡಿ; ಕೆಣಕದಿದ್ದರೆ ಅದರಿಂದ ಧೂಳು ಏಳುವುದು ಕಡಿಮೆ. ಒಣಪಾಚಿ ಗೀಚಬೇಡಿ. ಗರಗಸದಲ್ಲಿ ಕೊಯ್ಯಬೇಡಿ, ಸುತ್ತಿಗೆಯಲ್ಲಿ ಒಡೆಯಬೇಡಿ. ಇಳಿಸಲೇಬೇಕಾದರೆ ನೀರು ಹೊಡೆದು ನೆನೆಸಿ, ಮೊಳೆ ಬಿಚ್ಚಿ, ಇಡಿಯಾಗಿ ಇಳಿಸಿ. ಒಡೆದ ಚೂರುಗಳನ್ನು ಕೊಟ್ಟಿಗೆಯ ಮುಂದಿನ ಕೆಸರಿಗೂ ಊರಿನ ದಾರಿಯ ಗುಂಡಿಗೂ ಹಾಕಬೇಡಿ. ಕೆಲಸದ ಬಟ್ಟೆಯನ್ನು ಮನೆಯ ಹೆಂಗಸರ ಕೈಗೆ ಒಗೆಯಲು ಕೊಡಬೇಡಿ; ಅದೇ ಬಟ್ಟೆಯ ಧೂಳು ಎಷ್ಟೋ ದೇಶಗಳಲ್ಲಿ ಹೆಂಡತಿ ಮಕ್ಕಳ ಪ್ರಾಣ ತೆಗೆದಿದೆ. ಹೊಸ ಮಾಡಿಗೆ ಶೀಟು ಕೊಳ್ಳುವ ಮುನ್ನ ಇದರಲ್ಲಿ ಕಲ್ನಾರು ಇದೆಯೇ ಎಂದು ಅಂಗಡಿಯವನನ್ನು ಬಾಯಿಬಿಟ್ಟು ಕೇಳಿ. ವಿದ್ಯಾರ್ಥಿಗಳು ತಮ್ಮ ಶಾಲೆಯ, ಹಾಸ್ಟೆಲಿನ ಮಾಡು ಯಾವುದರದೆಂದು ಬರೆದಿಡಲಿ. ಗ್ರಾಮಸಭೆಯಲ್ಲಿ ಆ ಪಟ್ಟಿಯನ್ನು ಓದಿ, ಠರಾವು ಮಾಡಿಸಲಿ.

ಗೆಳೆಯರೇ, ಈಗಾಗಲೇ ಧೂಳು ಕುಡಿದವರಿಗೆ ಮದ್ದೇ ಬೇಕು. ಅವರಿಗಾಗಿ ಪ್ರಯೋಗಾಲಯಗಳ ದೀಪ ಉರಿಯುತ್ತಿರಲಿ; ವಂಶವಾಹಿ ಮತ್ತು ಔಷಧಿಯ ಜೋಡಿ ಅವರಿಗೆ ಇನ್ನಷ್ಟು ವರ್ಷಗಳನ್ನು ಕೊಡಲಿ. ಆದರೆ ಇಂದು ಅಂಗನವಾಡಿಯ ಶೀಟಿನ ಅಡಿಯಲ್ಲಿ ಮಲಗಿರುವ ಮಗುವಿಗೆ ಮೂವತ್ತು ವರ್ಷದ ನಂತರದ ಸೂಜಿಮದ್ದು ಉತ್ತರವಾಗದು. ಅದಕ್ಕೆ ಬೇಕಾಗಿರುವುದು ಈ ಮಳೆಗಾಲಕ್ಕೆ ಮುನ್ನ ಬೇರೊಂದು ಮಾಡು.